ಜ್ವರ ಹೋಗಿ 3 ತಿಂಗಳಾಯ್ತು, ಈಗ ಉಗುರಲ್ಲಿ ಅಡ್ಡ ಗೀರು, ಬಾಚಣಿಗೆ ತುಂಬಾ ಕೂದಲು

ಹಳೇಕನ್ನಡಕ:
3 ತಿಂಗಳ ಹಿಂದೆ ನನಗೆ ಜೋರು ಜ್ವರ ಬಂದು 10 ದಿನ ಹಾಸಿಗೆ ಹಿಡಿದಿದ್ದೆ. ಈಗ ಪೂರ್ತಿ ಹುಷಾರು. ಆದರೆ ಮೊನ್ನೆ ಉಗುರು ಕತ್ತರಿಸುವಾಗ ನೋಡಿದರೆ, ಎರಡೂ ಕೈಯ ಹತ್ತೂ ಉಗುರಿನಲ್ಲಿ ಅಡ್ಡಲಾಗಿ ಒಂದೊಂದು ತಗ್ಗು. ಇನ್ನೊಂದು ಉಗುರಿನ ತುದಿಯಿಂದ ಸವರಿದರೆ ಟಕ್ ಅಂತ ಸಿಗುತ್ತದೆ. ಬುಡದಿಂದ ಸುಮಾರು 6 ಮಿಲಿಮೀಟರ್ ಮೇಲಿದೆ. ಇದು ಸಾಲದು ಅಂತ 15 ದಿನದಿಂದ ಕೂದಲು ಹಿಡಿಹಿಡಿಯಾಗಿ ಉದುರುತ್ತಿದೆ, ಬುಡದಲ್ಲಿ ಬಿಳಿ ಗಂಟು ಸಮೇತ! ಬೇರೇ ಕಿತ್ತು ಬಂತಾ? ಕ್ಯಾಲ್ಸಿಯಂ ಕಡಿಮೆ ಅಂತ ಒಬ್ಬರು, ತಲೆ ಬೋಳಿಸು ದಪ್ಪಗೆ ಬರುತ್ತದೆ ಅಂತ ಇನ್ನೊಬ್ಬರು. ಜ್ವರ ಇದ್ದಾಗ ಏನೂ ಆಗದೆ ಈಗ್ಯಾಕೆ?

ಉಗುರುಸುತ್ತು:
ಈಗ ಆಗಿದ್ದಲ್ಲ, ಆವತ್ತೇ ಆಗಿದ್ದು. ನಿಮಗೆ ಕಂಡಿದ್ದು ಈಗ, ಅಷ್ಟೇ.

ನಾವು ಕತ್ತರಿಸುವ ಉಗುರಿಗೆ ಜೀವ ಇಲ್ಲ, ಅದು ಕೆರಾಟಿನ್ ಅನ್ನೋ ಗಟ್ಟಿ ಪ್ರೋಟೀನ್. ಜೀವ ಇರೋದು ಬುಡದಲ್ಲಿ, ಚರ್ಮದ ಕೆಳಗೆ. ಹೆಬ್ಬೆರಳಲ್ಲಿ ಬೆಳ್ಳಗೆ ಅರ್ಧಚಂದ್ರ ಕಾಣುತ್ತದಲ್ವಾ, ಅದು ಆ ಜೀವಂತ ಭಾಗದ ಅಂಚು. ಅಲ್ಲಿ ಜೀವಕೋಶಗಳು ಹುಟ್ಟಿ, ಗಟ್ಟಿಯಾಗಿ, ಹಿಂದಿನಿಂದ ಬರುವ ಹೊಸ ಕೋಶಗಳು ತಳ್ಳಿದ ಹಾಗೆ ಮುಂದೆ ಜಾರುತ್ತಾ ಹೋಗುತ್ತವೆ. ಜೋರು ಜ್ವರ ಬಂದಾಗ ದೇಹ ಈ ಕೆಲಸವನ್ನು ಸ್ವಲ್ಪ ದಿನ ನಿಲ್ಲಿಸಿಬಿಡುತ್ತದೆ. ಆ ಬಿಡುವೇ ನಿಮ್ಮ ತಗ್ಗು. ಇದಕ್ಕೆ ಬೋ ಗೀರು ಅಂತ ಹೆಸರು, 19ನೇ ಶತಮಾನದ ಫ್ರೆಂಚ್ ವೈದ್ಯರೊಬ್ಬರ ಹೆಸರಿನಿಂದ ಬಂದಿದ್ದು.

ಲೆಕ್ಕ ಹಾಕಿ ನೋಡಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. 6 ಮಿಲಿಮೀಟರ್ ಅಂದರೆ 2 ತಿಂಗಳು. ಚರ್ಮದ ಕೆಳಗಿಂದ ಹೊರಗೆ ಬರೋಕೆ ಇನ್ನೂ ಕೆಲವು ವಾರ. ಸರಿಯಾಗಿ ನಿಮ್ಮ ಜ್ವರಕ್ಕೇ ಹೋಗಿ ನಿಲ್ಲುತ್ತದೆ! ಹತ್ತೂ ಬೆರಳಲ್ಲಿ ಇದೆ ಅನ್ನೋದೇ ಸಾಕ್ಷಿ. ಒಂದೇ ಉಗುರಲ್ಲಿದ್ದಿದ್ದರೆ ಬಾಗಿಲಿಗೆ ಸಿಕ್ಕಿಸಿಕೊಂಡಿರಬೇಕು ಅಂತಿದ್ದೆ. ಕ್ಯಾಲ್ಸಿಯಂ ಮಾತು ಬಿಡಿ, ಉಗುರು ಗಟ್ಟಿಯಾಗಿರೋದು ಕೆರಾಟಿನ್‌ನಿಂದ.

ಜಡೆಬಿಲ್ಲೆ:
ಕೂದಲಿನದೂ ಅದೇ ಕಥೆ, ತಡವಾಗಿ ಮಾತ್ರ. ತಲೆಯ ಒಂದೊಂದು ಕೂದಲೂ ಕೆಲವು ವರ್ಷ ಬೆಳೆಯುತ್ತದೆ, ಆಮೇಲೆ 2–3 ತಿಂಗಳು ಸುಮ್ನೆ ಕೂತು ಉದುರುತ್ತದೆ. ಎಲ್ಲ ಒಟ್ಟಿಗೆ ಕೂರುವುದಿಲ್ಲ, ಅದಕ್ಕೇ ದಿನಕ್ಕೆ 50ರಿಂದ 100 ಉದುರಿದರೂ ಗೊತ್ತಾಗುವುದಿಲ್ಲ. ಜ್ವರದ ಹೊಡೆತಕ್ಕೆ ತುಂಬಾ ಕೂದಲು ಒಂದೇ ಸಲ ಬೆಳೆಯುವುದನ್ನು ಬಿಟ್ಟು ಕೂತವು. ಈಗ ಒಟ್ಟಿಗೆ ಹೊರಟಿವೆ.

ಬಿಳಿ ಗಂಟಿಗೆ ಹೆದರಬೇಡಿ, ಅದು ಬೇರಲ್ಲ. ಕಾಲ ಮುಗಿದ ಕೂದಲಿನ ತುದಿ ಹಾಗೆ ಗುಂಡಗಿರುತ್ತದೆ. ಹೊಸ ಕೂದಲು ಹುಟ್ಟಿಸುವ ಗೂಡು ತಲೆಯ ಚರ್ಮದೊಳಗೇ ಇದೆ. ಬೋಳಿಸುವುದು ನಿಮ್ಮಿಷ್ಟ, ಆದರೆ ಬ್ಲೇಡು ಆ ಗೂಡಿನವರೆಗೆ ಹೋಗುವುದಿಲ್ಲ. ಕತ್ತರಿಸಿದ ತುದಿ ಮೊಂಡಾಗಿರುತ್ತದೆ, ಕೈಗೆ ದಪ್ಪ ಅನಿಸುತ್ತದೆ, ಅಷ್ಟೇ. 6 ತಿಂಗಳಾದರೂ ನಿಲ್ಲದಿದ್ದರೆ, ಅಥವಾ ಅಲ್ಲಲ್ಲಿ ಗುಂಡಗೆ ಬೋಳಾದರೆ ಚರ್ಮದ ಡಾಕ್ಟರಿಗೆ ತೋರಿಸಿ. ಕಬ್ಬಿಣದ ಅಂಶ, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸುತ್ತಾರೆ.

ಹಳೇಕನ್ನಡಕ:
ಅಬ್ಬಾ, ಉಸಿರು ಬಂತು. ಆದರೆ ಚರ್ಮಕ್ಕೆ ಯಾಕೆ ಏನೂ ಆಗಿಲ್ಲ? ಕಾಲಿನ ಉಗುರೂ ನುಣ್ಣಗಿದೆ.

ಉಗುರುಸುತ್ತು:
ಹೊರಚರ್ಮ ಹೆಚ್ಚುಕಮ್ಮಿ ಒಂದು ತಿಂಗಳಲ್ಲಿ ಬದಲಾಗುತ್ತದೆ. ಕೆಳಗೆ ಹುಟ್ಟಿದ ಕೋಶ ಮೇಲೆ ಬರುತ್ತಾ ಚಪ್ಪಟೆಯಾಗಿ, ಸತ್ತು, ಹೊಟ್ಟಿನ ಹಾಗೆ ಉದುರಿಹೋಗುತ್ತದೆ. ಜ್ವರದ ದಿನ ಮೈಮೇಲಿದ್ದ ಪದರ ಯಾವತ್ತೋ ಸ್ನಾನದ ನೀರಲ್ಲಿ ಹೋಯ್ತು. ಕಾಲಿನ ಉಗುರು ಬೆಳೆಯೋದು ಕೈಯುಗುರಿನ ಅರ್ಧ ವೇಗದಲ್ಲಿ. ಅಲ್ಲಿ ಗೀರು ಬಿದ್ದಿದ್ದರೆ ಈಗಷ್ಟೇ ಇಣುಕುವ ಹೊತ್ತು. ಹೆಬ್ಬೆರಳಿನ ಬುಡ ಒಮ್ಮೆ ಸವರಿ ನೋಡಿ.

ಹಳೇಕನ್ನಡಕ:
ಸವರಿದೆ. ಇದೆ!