ಪದಚರ್ಚೆ: ಬಾಯಿಯ ಸಾಧನ ಇಡುವುದು ‘ನಿಗಾ’ವೋ, ‘ದಾಖಲೆ’ಯೋ?

ಬಲ್ಲವರಲ್ಲಿ ಒಂದು ವಿಚಾರಣೆ. ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ಮತ್ತೆಮತ್ತೆ ತಡೆಯುವ ಕಾಯಿಲೆ) ಇರುವವರು ರಾತ್ರಿ ಹಲ್ಲಿಗೆ ಹಾಕಿಕೊಂಡು ಮಲಗುವ ಸಾಧನದ ಬಗ್ಗೆ ರೋಗಿಗಳಿಗಾಗಿ ಕನ್ನಡ ಕರಪತ್ರವೊಂದನ್ನು ಬರೆಯುತ್ತಿದ್ದೇನೆ. ಕಾಯಿಲೆಗೆ, ಸಾಧನಕ್ಕೆ ಮತ್ತು ಸಾಧನದೊಳಗಿನ ಚಿಪ್ ಮಾಡುವ ಕೆಲಸಕ್ಕೆ ಯಾವ ಪದ ಬಳಸಲಿ ಎಂಬುದೇ ಪ್ರಶ್ನೆ.

ಕಾಯಿಲೆಯ ಹೆಸರಿಗೆ ‘ನಿದ್ದೆಯ ಉಸಿರುತಡೆ’ ಸಾಕೆನಿಸುತ್ತದೆ. ದೊಡ್ಡವರಲ್ಲಿ ಉಸಿರಿನ ಹರಿವು 10 ಸೆಕೆಂಡಾದರೂ ನಿಂತರೆ ವೈದ್ಯರು ಅದನ್ನು ಒಂದು ಆಪ್ನಿಯಾ ಎಂದು ಎಣಿಸುತ್ತಾರೆ. ಹಾಗೆಂದು ‘ಉಸಿರು ನಿಲ್ಲುವ ಕಾಯಿಲೆ’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ನಮ್ಮ ಮಾತಿನಲ್ಲಿ ಉಸಿರು ನಿಂತಿತೆಂದರೆ ಜೀವ ಹೋಯಿತೆಂದೇ ಅರ್ಥ.

ಸಾಧನದ ಹೆಸರು ಇನ್ನೂ ಕಷ್ಟ. ಮೇಲಿನ ಮತ್ತು ಕೆಳಗಿನ ಹಲ್ಲುಸಾಲಿಗೆ ಅಳತೆ ತೆಗೆದು ಮಾಡಿದ ಎರಡು ತಟ್ಟೆಗಳು. ಅವು ಕೆಳದವಡೆಯನ್ನು ತುಸು ಮುಂದಕ್ಕೆ ತಂದು ನಿಲ್ಲಿಸುತ್ತವೆ. ಆಗ ನಾಲಿಗೆಯ ಬುಡ ಹಿಂದಕ್ಕೆ ಕುಸಿಯದೆ ಗಂಟಲಿನ ದಾರಿ ತೆರೆದಿರುತ್ತದೆ. ಹಲವು ಮಾದರಿಗಳಲ್ಲಿ ಪುಟ್ಟ ತಿರುಪು ಇರುತ್ತದೆ. ಅದನ್ನು ದಿನ ಕಳೆದಂತೆ ಸ್ವಲ್ಪಸ್ವಲ್ಪವೇ ತಿರುಗಿಸಬೇಕು. ‘ದವಡೆ ಮುಂದೂಡುವ ಸಾಧನ’ ಎಂದರೆ ಪರೀಕ್ಷೆ ಮುಂದೂಡಿದ್ದೇ ನೆನಪಾಗುತ್ತದೆ. ‘ದವಡೆ ಹಿಡಿ’ ಎನ್ನೋಣವೆಂದರೆ, ದವಡೆ ಹಿಡಿದುಕೊಳ್ಳುವುದು ಬೇರೆಯೇ ತೊಂದರೆ. ಈ ಸಾಧನ ಹಾಕಿಕೊಂಡ ಕೆಲವರಿಗೆ ಮೊದಮೊದಲು ದವಡೆಯ ಕೀಲು ನೋಯುವುದೂ ಉಂಟು. ವಕ್ರದಂತಕ್ಕೆ ಹಾಕಿಸುವುದನ್ನು ಜನ ಆಗಲೇ ‘ಕ್ಲಿಪ್’ ಎನ್ನುತ್ತಾರೆ. ಹಾಗಾಗಿ ‘ದವಡೆ ಕ್ಲಿಪ್’ ಎಂದರೆ ಯಾರೂ ಮುಗ್ಗರಿಸಲಾರರು ಎಂಬುದು ನನ್ನ ನಂಬಿಕೆ.

ನನ್ನ ನಿಜವಾದ ತಕರಾರು ‘ಮಾನಿಟರಿಂಗ್’ಗೆ ಬಳಸುವ ‘ನಿಗಾ’ ಪದದ ಮೇಲೆ. ಕೆಲವು ಸಾಧನಗಳೊಳಗೆ ಪುಟ್ಟ ಚಿಪ್ ಕೂರಿಸುತ್ತಾರೆ. ಅದು ಬಾಯಿಯ ಬಿಸಿಯನ್ನು ಅಳೆದು, ಸಾಧನ ಎಷ್ಟು ಗಂಟೆ ಬಾಯಲ್ಲಿತ್ತು ಎಂಬುದನ್ನು ಗುರುತಿಟ್ಟುಕೊಳ್ಳುತ್ತದೆ. ಮುಂದಿನ ಭೇಟಿಯಲ್ಲಿ ವೈದ್ಯರು ಅದನ್ನು ಓದುತ್ತಾರೆ. ಅಷ್ಟೇ, ಆ ಚಿಪ್ ಉಸಿರನ್ನು ಎಣಿಸುವುದಿಲ್ಲ. ಇದಕ್ಕೆ ‘ನಿಗಾ ಇಡುತ್ತದೆ’ ಎಂದು ಬರೆದರೆ, ‘ತೀವ್ರ ನಿಗಾ ಘಟಕ’ವನ್ನು ಕಂಡ ಓದುಗರು ಯಾರೋ ರಾತ್ರಿಯಿಡೀ ತಮ್ಮನ್ನು ಕಾಯುತ್ತಿದ್ದಾರೆಂದು ತಿಳಿಯುತ್ತಾರೆ. ಗೊರಕೆ ತಗ್ಗಿತೆಂದು ನೆಮ್ಮದಿಯಾಗಿದ್ದು, ಸಾಧನ ಹಾಕಿಕೊಂಡೇ ಮಾಡಿಸಬೇಕಾದ ನಿದ್ರಾಪರೀಕ್ಷೆಯನ್ನು ಬಿಟ್ಟುಬಿಡಬಹುದು. ಉಸಿರುತಡೆ ನಿಜಕ್ಕೂ ಇಳಿದಿದೆಯೇ ಎಂದು ತಿಳಿಯುವುದು ಆ ಪರೀಕ್ಷೆಯಿಂದಲೇ.

ಆದ್ದರಿಂದ ಈ ಚಿಪ್‌ಗೆ ‘ಧರಿಸಿದ ಅವಧಿಯ ದಾಖಲೆ’ ಎಂದೂ, ಉಸಿರು ಮತ್ತು ರಕ್ತದ ಆಮ್ಲಜನಕವನ್ನು ಅಳೆಯುವ ಸಾಧನಗಳಿಗೆ ಮಾತ್ರ ‘ಉಸಿರಿನ ನಿಗಾ’ ಎಂದೂ ಬರೆಯಬೇಕೆಂದಿದ್ದೇನೆ. ‘ಧರಿಸಿದ’ ಎಂಬುದು ಬಾಯೊಳಗಿನ ವಸ್ತುವಿಗೆ ಒಗ್ಗುತ್ತದೆಯೇ, ಅಥವಾ ‘ಹಾಕಿಕೊಂಡ’ ಎಂದೇ ಇರಲೇ? ದಂತ ಚಿಕಿತ್ಸಾಲಯಗಳಲ್ಲಿ ಕೆಲಸ ಮಾಡುವವರು ರೋಗಿಗಳಿಗೆ ಇದನ್ನು ಹೇಗೆ ಹೇಳುತ್ತೀರಿ, ದಯವಿಟ್ಟು ತಿಳಿಸಿ.