ಪೇಟೆ ಬೀದಿಯ ಹಳೇ ಕಟ್ಟಡ: ಆಕ್ಷೇಪಣೆಗೆ ಇನ್ನು 11 ದಿನ

ಮೂಲೆ ಮನೆ:
ಎಲ್ಲರಿಗೂ ನಮಸ್ಕಾರ. ಪೇಟೆ ಬೀದಿಯ ಕಮಾನಿನ ಕಟ್ಟಡಕ್ಕೆ ನೋಟಿಸ್ ಅಂಟಿಸಿದ್ದಾರೆ. ಕಟ್ಟಡ ಶಿಥಿಲವಂತೆ, ಕೆಡವಿ ಸರ್ಕಾರಿ ಸಂಕೀರ್ಣ ಕಟ್ಟುತ್ತಾರಂತೆ. ಬೆಳಿಗ್ಗೆ ಹೋಗಿ ನೋಡಿ ಬಂದೆ. ಮಾಳಿಗೆಯ ನೀರು ಇಳಿಯುವ ಕೊಳವೆಯ ಬಾಯಿಗೆ ಎಲೆ, ಪ್ಲಾಸ್ಟಿಕ್ ಕಟ್ಟಿಕೊಂಡಿದೆ. ನೀರೆಲ್ಲ ಗೋಡೆಗೆ ಇಳಿದು ಕಮಾನಿನ ಎಡಗಡೆ ಗಾರೆ ಉದುರಿದೆ. ಮೇಲೆ ಸಂದಿಯಲ್ಲಿ ಅರಳಿ ಗಿಡ ತೋಳುದ್ದ ಬೆಳೆದಿದೆ. ಕೊಳವೆ ಚೆನ್ನಾಗಿರುವ ಬಲಗಡೆ ಗೋಡೆ ಒಣಗಿಯೇ ಇದೆ, ಗಾರೆ ಒಂದು ಚೂರೂ ಕದಲಿಲ್ಲ. ಎರಡೂ ಕಡೆ ಒಂದೇ ವಯಸ್ಸಿನ ಗೋಡೆ ಅಲ್ವಾ? ಕೆಡವಬೇಡಿ ಅಂತ ಎಲ್ಲರೂ ಸೇರಿ ಆಕ್ಷೇಪಣೆ ಪತ್ರ ಕೊಡೋಣ.

ಎರಡನೇ ಮಹಡಿ:
ನನಗೂ ಆ ಕಟ್ಟಡ ಇಷ್ಟ. ಆದರೆ ನನ್ನ ಮಗಳು ದಿನಾ ಅದರ ಕೆಳಗೇ ನಡೆದು ಹೋಗುತ್ತಾಳೆ. ನಾವು ತಡೆದು, ನಾಳೆ ಯಾರ ಮೇಲಾದರೂ ಬಿದ್ದರೆ?

ನಿವೃತ್ತ ಇಂಜಿನಿಯರ್:
ನಿಮ್ಮ ಭಯ ಸರಿಯಾದದ್ದೇ ಮೇಡಂ. ಹಾಗಾಗಿ ನಮ್ಮ ಪತ್ರದ ಮೊದಲ ಸಾಲೇ ಇದಾಗಲಿ: ಇವತ್ತೇ ಬ್ಯಾರಿಕೇಡ್ ಹಾಕಿ, ಕಮಾನಿಗೆ ಆಸರೆ ಕೊಡಿ. ಆಸರೆ ಕೊಟ್ಟ ಮೇಲೆ ಯೋಚಿಸಲು ಸಮಯ ಸಿಗುತ್ತದೆ, ಕೆಡವಿದ ಮೇಲೆ ಸಿಗುವುದಿಲ್ಲ.

ಇನ್ನೊಂದು ವಿಷಯ. ಅದು ಸುಣ್ಣದ ಗಾರೆಯ ಗೋಡೆ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ. ಕೆಳಗಡೆ ಯಾರೋ ಸಿಮೆಂಟ್ ಬಳಿದಿದ್ದಾರೆ, ನಾನು ನೋಡಿದ್ದೇನೆ. ಸಿಮೆಂಟಿನ ಹಿಂದೆ ತೇವ ಅಲ್ಲೇ ಕೂತು ಇಟ್ಟಿಗೆ ಪುಡಿಯಾಗುತ್ತದೆ. ಇದು ದುರಸ್ತಿ ಆಗುವಂಥದ್ದು. ಸಿಮೆಂಟ್ ಕೆತ್ತಿ ತೆಗೆದು, ಗೋಡೆ ಒಣಗಲು ಬಿಟ್ಟು, ಮತ್ತೆ ಸುಣ್ಣದ ಗಾರೆಯನ್ನೇ ಹಾಕಬೇಕು. ನಿಧಾನದ ಕೆಲಸ, ಆದರೆ ಆಗುತ್ತದೆ. ಶಿಥಿಲ ಅಂತ ಬರೆದ ವರದಿಯ ಪ್ರತಿ ಕೇಳೋಣ. ಕಣ್ಣಲ್ಲಿ ನೋಡಿ ಬರೆದದ್ದೋ, ಗೋಡೆಯ ಮಾದರಿ ತೆಗೆದು ಪರೀಕ್ಷೆ ಮಾಡಿದ್ದೋ? ದುರಸ್ತಿಗೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿದ್ದಾರಾ?

ಹಿಂದಿನ ಬೀದಿ:
ಅರ್ಜಿ ಕೊಟ್ಟು ಏನು ಪ್ರಯೋಜನ ಸರ್? ಸರ್ಕಾರವೇ ತೀರ್ಮಾನ ಮಾಡಿದೆಯಲ್ಲ.

ನೀಲಿ ಗೇಟಿನ ಮನೆ:
ಹಾಗನ್ನಬೇಡಿ. ಲಂಡನ್ನಿನ ಕೊವೆಂಟ್ ಗಾರ್ಡನ್ ಅನ್ನುವ ಹಳೇ ಮಾರುಕಟ್ಟೆ ಪ್ರದೇಶ ಇವತ್ತು ಉಳಿದಿರುವುದು ಅಲ್ಲಿನ ನಿವಾಸಿಗಳಿಂದ. ಮಾರುಕಟ್ಟೆ ಬೇರೆ ಕಡೆ ಹೋಗುತ್ತದೆ ಅಂತ ಸುತ್ತಲಿನ ಬೀದಿಗಳನ್ನು ಕೆಡವಿ ರಸ್ತೆ, ಕಚೇರಿ ಕಟ್ಟುವ ಯೋಜನೆ ಇತ್ತು. ಜನ ಸಂಘ ಕಟ್ಟಿ ವಿರೋಧಿಸಿದರು. 1973ರಲ್ಲಿ ಹತ್ತಾರು ಕಟ್ಟಡಗಳು ಸಂರಕ್ಷಿತ ಪಟ್ಟಿಗೆ ಸೇರಿದವು, ಆ ಯೋಜನೆ ನಿಂತಿತು. ಪ್ಯಾರಿಸ್ಸಿನ ಲೇ ಆಲ್ ಮಾರುಕಟ್ಟೆಗೆ ಆ ಅದೃಷ್ಟ ಇರಲಿಲ್ಲ. ವ್ಯಾಪಾರ ಊರ ಹೊರಗೆ ಹೋದ ಮೇಲೆ, 1971ರಿಂದ ಅದರ ಕಬ್ಬಿಣ-ಗಾಜಿನ ಮಂಟಪಗಳನ್ನು ಕೆಡವಿದರು. ಒಂದನ್ನು ಬಿಚ್ಚಿ ಪ್ಯಾರಿಸ್ ಹತ್ತಿರದ ನೊಜಾನ್ ಊರಿಗೆ ಒಯ್ದು ನಿಲ್ಲಿಸಿದರು. ಅಮೆರಿಕದ ಬಾಸ್ಟನ್ನಿನಲ್ಲಿ ವೆಸ್ಟ್ ಎಂಡ್ ಅನ್ನುವ ಇಡೀ ಬಡಾವಣೆಗೆ ಕೊಳೆಗೇರಿ ಅನ್ನುವ ಹೆಸರು ಕೊಟ್ಟು, 1950ರ ದಶಕದ ಕೊನೆಯಲ್ಲಿ ನೆಲಸಮ ಮಾಡಿದರು. ಸಾವಿರಾರು ಜನ ಮನೆ ಕಳೆದುಕೊಂಡರು. ಅದಕ್ಕೇ ಈ 'ಶಿಥಿಲ' ಅನ್ನುವ ಪದ ನೋಡಿದರೆ ನನಗೆ ಹೆದರಿಕೆ. ಒಂದು ಸಲ ಕಾಗದದ ಮೇಲೆ ಬಂತೆಂದರೆ ಮುಂದಿನವರು ಗೋಡೆಯನ್ನು ನೋಡುವುದೇ ಇಲ್ಲ.

ಎರಡನೇ ಮಹಡಿ:
ಆಸರೆಯ ಮಾತು ಮೊದಲ ಸಾಲಿನಲ್ಲಿ ಇದ್ದರೆ ನನ್ನ ಸಹಿಯೂ ಇದೆ. ನನ್ನ ಹತ್ತಿರ ಒಳ್ಳೇ ಕ್ಯಾಮೆರಾ ಇದೆ.

ಮೂಲೆ ಮನೆ:
ಅದೇ ಬೇಕಿತ್ತು ಮೇಡಂ. ಭಾನುವಾರ ಬೆಳಿಗ್ಗೆ ಏಳಕ್ಕೆ ಕಮಾನಿನ ಎದುರು ಸೇರೋಣ, ಒಳಗೆ ಮಾತ್ರ ಯಾರೂ ಹೋಗಬೇಡಿ. ಎಡಗಡೆ ಬಲಗಡೆ ಎರಡರ ಫೋಟೋನೂ ಬೇಕು, ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದು ತೆಗೆಯಬೇಕು. ವರದಿ ಕೇಳುವ ಅರ್ಜಿ ನಾನು ನಾಳೆಯೇ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರುತ್ತೇನೆ. ಹಿಂದಿನ ಬೀದಿಯವರೇ, ನಿಮ್ಮ ಕಡೆಯ ಸಹಿ ಯಾರು ಸಂಗ್ರಹಿಸುತ್ತೀರಿ?

ಹಿಂದಿನ ಬೀದಿ:
ನಾನೇ ಮಾಡುತ್ತೇನೆ. ನಮ್ಮ ತಂದೆಯ ಹತ್ತಿರ ಆ ಕಟ್ಟಡದ ಹಳೇ ಫೋಟೋ ಒಂದಿದೆ. ಎಡಗಡೆ ಕೊಳವೆ ಅದರಲ್ಲಿ ಸರಿಯಾಗಿಯೇ ಕಾಣುತ್ತದೆ. ಅದನ್ನೂ ತರುತ್ತೇನೆ.