ಅಮ್ಮನಿಗೆ ಇಲ್ಲದ ಮಕ್ಕಳು ಕಾಣುತ್ತಿದ್ದಾರೆ

ಪ್ರಶ್ನೆ:
ಅಮ್ಮನಿಗೆ 79 ವರ್ಷ. ವಯಸ್ಸಿನಿಂದಾಗಿ ಎರಡೂ ಕಣ್ಣಿನ ಮ್ಯಾಕ್ಯುಲಾ (ಕಣ್ಣಿನ ಹಿಂಪರದೆಯ ನಡುಭಾಗ) ಸವೆದಿದೆ. ಎದುರಿಗೆ ಕುಳಿತರೆ ನನ್ನ ಮುಖ ಕಾಣುವುದಿಲ್ಲ, ಕಿವಿಯ ಓಲೆ ಕಾಣುತ್ತದೆ ಎನ್ನುತ್ತಾರೆ. ಮೊನ್ನೆ ಸಂಜೆ ನನ್ನ ಕೈ ಹಿಡಿದು, "ಗೋಡೆಯ ಹತ್ತಿರ ಟೋಪಿ ಹಾಕಿದ ಪುಟ್ಟ ಮಕ್ಕಳು ನಿಂತಿದ್ದಾರೆ. ಮಾತೇ ಆಡುವುದಿಲ್ಲ. ಯಾರಿಗೂ ಹೇಳಬೇಡ" ಎಂದರು. ಅವರು ನಿಜವಲ್ಲ ಎಂಬುದು ಅಮ್ಮನಿಗೂ ಗೊತ್ತು. ನೆನಪು, ಲೆಕ್ಕ ಎಲ್ಲ ಚುರುಕಾಗಿವೆ. ಇದು ಮರೆವಿನ ಕಾಯಿಲೆಯ ಆರಂಭವೇ? ನನಗೆ ನಿದ್ದೆಯೇ ಬರುತ್ತಿಲ್ಲ.

ಉತ್ತರ 1:
ನನ್ನ ತಂದೆಯವರಿಗೂ ಹೀಗೆಯೇ ಆಗಿತ್ತು. ಅವರಿಗೆ ಹೂಬಳ್ಳಿ ಕಾಣುತ್ತಿತ್ತು. ವೈದ್ಯರು ಚಾರ್ಲ್ಸ್ ಬಾನೆಟ್ ಸಿಂಡ್ರೋಮ್ ಎಂದರು. ಜಿನೀವಾದ ನಿಸರ್ಗ ವಿಜ್ಞಾನಿ ಬಾನೆಟ್ 1760ರಲ್ಲಿ ದೃಷ್ಟಿ ಕುಂದಿದ್ದ ತನ್ನ ಅಜ್ಜನ ಇಂಥದೇ ಅನುಭವವನ್ನು ದಾಖಲಿಸಿದ್ದ. ಕಣ್ಣಿನಿಂದ ಬರುವ ಸಂಕೇತಗಳು ಕಡಿಮೆಯಾದಾಗ ಮಿದುಳು ತಾನೇ ಚಿತ್ರ ಕಟ್ಟಿಕೊಳ್ಳುತ್ತದೆ, ಅಷ್ಟೆ. ಆದರೂ ವೈದ್ಯರಿಗೆ ತಪ್ಪದೆ ತಿಳಿಸಿ. ಔಷಧ, ಸೋಂಕುಗಳಿಂದಲೂ ಹೀಗಾಗಬಹುದು. ದೀಪ ಹಾಕುವುದು, ನೋಟವನ್ನು ಎಡಕ್ಕೂ ಬಲಕ್ಕೂ ಹೊರಳಿಸುವುದು ತಂದೆಯವರಿಗೆ ನೆರವಾಯಿತು.

ಉತ್ತರ 2:
ನನಗೂ ಮ್ಯಾಕ್ಯುಲಾ ಸವೆಯುವ ಇದೇ ಕಾಯಿಲೆ. ನಡುವಿನ ನೋಟ ಹೋದರೂ ಅಂಚಿನದು ಉಳಿಯುತ್ತದೆ. ಓರೆಯಾಗಿ ನೋಡುವುದನ್ನು ಕಲಿತಿದ್ದೇನೆ. ಅಮ್ಮನಿಗೆ ಚೀಟಿಗಳನ್ನು ದಪ್ಪ ಕಪ್ಪು ಪೆನ್ನಿನಲ್ಲಿ ಬರೆದುಕೊಡಿ. ಬಾಗಿಲಿನ ಚೌಕಟ್ಟು ಇದ್ದಕ್ಕಿದ್ದಂತೆ ಡೊಂಕಾಗಿ ಕಂಡರೆ ಮಾತ್ರ ತಡಮಾಡಬೇಡಿ. ಮ್ಯಾಕ್ಯುಲಾದ ಅಡಿಯಲ್ಲಿ ಹೊಸದಾಗಿ ಬೆಳೆದ ರಕ್ತನಾಳಗಳು ಸೋರುತ್ತಿದ್ದರೆ ಕಣ್ಣಿಗೆ ಕೊಡುವ ಚುಚ್ಚುಮದ್ದಿನಿಂದ ಅದನ್ನು ತಡೆಯಬಹುದು.

ಪ್ರಶ್ನೆ ಕೇಳಿದವರು:
ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. "ಹಾಗಾದರೆ ನನಗೆ ಹುಚ್ಚಲ್ಲ" ಎಂದು ಅತ್ತುಬಿಟ್ಟರು. ನಾಳೆ ವೈದ್ಯರ ಬಳಿ ಹೋಗುತ್ತಿದ್ದೇವೆ.